ಐಸಾಕ್ ಹೇಯ್ಸ್‌ನ ಎರಡು ಎಲ್‌ಪಿ: ಪದಕ್ಕೆ ಮೊದಲು ಮಾತು

ಅಮೆರಿಕದ ಸೋಲ್ ಗಾಯಕ ಐಸಾಕ್ ಹೇಯ್ಸ್ ಸಿನಿಮಾದ ನಾಯಕನಟನಾದದ್ದು 1974ರಲ್ಲಿ. ಆದರೆ 1969ರ ‘ಹಾಟ್ ಬಟರ್ಡ್ ಸೋಲ್’ ಎಲ್‌ಪಿಯ (ಹಾಡಿನ ದೊಡ್ಡ ತಟ್ಟೆಯ) ಎರಡನೇ ಬದಿಗೆ ಮುಳ್ಳು ಇಟ್ಟು ಹತ್ತು ನಿಮಿಷ ಕೂತರೆ ಆ ಲೆಕ್ಕ ಐದು ವರ್ಷ ತಡವೆಂದು ತಿಳಿಯುತ್ತದೆ. ನಟ ಅಲ್ಲಿಯೇ ಇದ್ದಾನೆ. ತೆರೆ ಇಲ್ಲ, ಬೆಳಕಿಲ್ಲ. ಧ್ವನಿಯೊಂದರಲ್ಲೇ ಪಾತ್ರ ಕಟ್ಟುತ್ತಾನೆ. ಹೀಗಾಗಿ ಈತನ ನಟನೆ ನೋಡಬೇಕೆನ್ನುವವರು ಮೊದಲು ಕೊಳ್ಳಬೇಕಾದದ್ದು ಸಿನಿಮಾ ಡಿಸ್ಕನ್ನಲ್ಲ, ಈ ರೆಕಾರ್ಡನ್ನು. ಎರಡನೆಯದು 1971ರ ‘ಶಾಫ್ಟ್’, ಎರಡು ರೆಕಾರ್ಡಿನ ಆಲ್ಬಂ. ಎರಡೂ ಹೊಸ ಮುದ್ರಣದಲ್ಲಿ ಆಮದಾಗಿ ಸಿಗುತ್ತವೆ. ಬೆಳಗಾವಿಯ ಮಳೆಗಾಲ, ಬಾಗಲಕೋಟೆಯ ಧೂಳು, ವಿಜಯಪುರದ ಏಪ್ರಿಲ್ ಬಿಸಿಲು ಇವುಗಳ ನಡುವೆ ಅವನ್ನು ಸರಿಯಾಗಿ ನುಡಿಸುವುದು ಬೇರೆಯದೇ ಕೆಲಸ.

ಸೋಲ್ ಅಂದರೆ ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಾರಿಕೆ ಕುಣಿತದ ತಾಳಕ್ಕೆ ಇಳಿದು, ದೇವರ ಜಾಗದಲ್ಲಿ ಪ್ರೀತಿ, ಜಗಳ, ಬಡತನ ಬಂದು ಕೂತ ಸಂಗೀತ. ಮಠದ ಭಜನೆಯಲ್ಲಿ ಪಳಗಿದ ಕಂಠ ಕಂಪನಿ ನಾಟಕಕ್ಕೆ ಬಂದದ್ದನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಹೇಯ್ಸ್ ಹುಟ್ಟಿದ್ದು 1942ರ ಆಗಸ್ಟ್ 20ರಂದು, ಟೆನೆಸ್ಸೀ ರಾಜ್ಯದ ಕವಿಂಗ್ಟನ್‌ನಲ್ಲಿ. ಬೆಳೆಸಿದವರು ಅಜ್ಜ-ಅಜ್ಜಿ. ಹತ್ತಿ ಬಿಡಿಸಿದ, ಮೆಂಫಿಸ್‌ನ ಮಾಂಸದ ಕಾರ್ಖಾನೆಯಲ್ಲಿ ದುಡಿದ, ಹೈಸ್ಕೂಲು ಮುಗಿಸುವಾಗ ವಯಸ್ಸು 21. ಅಲ್ಲಿನ ಸ್ಟ್ಯಾಕ್ಸ್ ರೆಕಾರ್ಡ್ಸ್‌ನಲ್ಲಿ ಬೇರೆಯವರ ಹಾಡಿಗೆ ಪಿಯಾನೊ, ಆರ್ಗನ್ ನುಡಿಸುತ್ತಿದ್ದವನು ಡೇವಿಡ್ ಪೋರ್ಟರ್ ಜೊತೆ ಕೂಡಿ ಸ್ಯಾಮ್ ಆಂಡ್ ಡೇವ್ ಜೋಡಿಗೆ ಹಾಡು ಕಟ್ಟಿಕೊಟ್ಟ. ‘ಸೋಲ್ ಮ್ಯಾನ್’ ಇವರಿಬ್ಬರದೇ.

1967ರ ಡಿಸೆಂಬರಿನಲ್ಲಿ ಸ್ಟ್ಯಾಕ್ಸ್‌ನ ದೊಡ್ಡ ಗಾಯಕ ಓಟಿಸ್ ರೆಡ್ಡಿಂಗ್ ವಿಮಾನ ಅಪಘಾತದಲ್ಲಿ ಸತ್ತ. ಬಾರ್-ಕೇಸ್ ಎಂಬ ವಾದ್ಯತಂಡದ ಹೆಚ್ಚಿನವರೂ ಅವನ ಜೊತೆ ಹೋದರು. ಮರುವರ್ಷ ಅಟ್ಲಾಂಟಿಕ್ ಕಂಪನಿಯ ಜೊತೆಗಿನ ಒಪ್ಪಂದ ಮುರಿದಾಗ ಹಳೆಯ ರೆಕಾರ್ಡುಗಳ ಹಕ್ಕೆಲ್ಲ ಅಟ್ಲಾಂಟಿಕ್ ಪಾಲಾಯಿತು. ಅಂಗಡಿ ಇದೆ, ಸರಕಿಲ್ಲ. ಆಗ ಮುಖ್ಯಸ್ಥ ಆಲ್ ಬೆಲ್ ಒಂದೇ ಸಲಕ್ಕೆ 27 ಆಲ್ಬಂ ಮಾಡಿಸಲು ಹೊರಟ. ಅಷ್ಟೊಂದರಲ್ಲಿ ಇವನದೊಂದು ಬಿದ್ದರೂ ನಷ್ಟವಿಲ್ಲವೆಂದು ಹೇಯ್ಸ್‌ಗೆ ಮನಸ್ಸಿಗೆ ಬಂದಂತೆ ಮಾಡಲು ಬಿಟ್ಟರು. ಇಡೀ ಎಲ್‌ಪಿಗೆ ನಾಲ್ಕೇ ಹಾಡು ಇಡುವ ಧೈರ್ಯ ಬಂದದ್ದು ಹಾಗೆ.

ಎರಡನೇ ಬದಿಯಲ್ಲಿ ಎರಡು ಹಾಡು. ಮೊದಲು 5 ನಿಮಿಷದ ‘ಒನ್ ವುಮನ್’, ಆಮೇಲೆ 18 ನಿಮಿಷ 42 ಸೆಕೆಂಡಿನ ‘ಬೈ ದ ಟೈಮ್ ಐ ಗೆಟ್ ಟು ಫೀನಿಕ್ಸ್’. ಇದು ಜಿಮ್ಮಿ ವೆಬ್ ಬರೆದು ಗ್ಲೆನ್ ಕ್ಯಾಂಪ್‌ಬೆಲ್ ಹಾಡಿದ, ಮೂರು ನಿಮಿಷವೂ ಇಲ್ಲದ ಹಾಡು. ಹೇಯ್ಸ್ ಅದನ್ನು ಮೆಂಫಿಸ್‌ನ ಟೀಕೀ ಕ್ಲಬ್ಬಿನಲ್ಲಿ ಹಾಡಲು ಹೋದಾಗ ಕೂತವರು ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಆತ ಆರ್ಗನ್ ಮೇಲೆ ಒಂದೇ ಸ್ವರಗುಚ್ಛ ಹಿಡಿದು, ಹಾಡದೆ, ಕಥೆ ಹೇಳತೊಡಗಿದ: ಹೆಂಡತಿಯನ್ನು ಬಿಟ್ಟು ಹೊರಟ ಗಂಡಸು ಯಾರು, ಯಾಕೆ ಹೊರಟ. ಗದ್ದಲ ನಿಂತಿತು. ರೆಕಾರ್ಡಿನಲ್ಲೂ ಹಾಗೆಯೇ ಇದೆ. ಎಂಟು ನಿಮಿಷಕ್ಕೂ ಮೇಲೆ ಬರೀ ಮಾತು. ಕೆಳಗೆ ಆರ್ಗನ್ನಿನ ಶ್ರುತಿ, ಬೇಸ್ ಗಿಟಾರಿನ ಒಂದೊಂದೇ ಹೆಜ್ಜೆ, ಸಿಂಬಲ್ ಮೇಲೆ ಮೆಲ್ಲನೆ ಟಿಕ್ ಟಿಕ್. ಆಮೇಲೆ ಪದ ಏಳುತ್ತದೆ, ಆಮೇಲೆ ತಂತಿವಾದ್ಯ, ಕೊಂಬುವಾದ್ಯ, ಕೊನೆಗೆ ಎಲ್ಲ ಕೂಡಿ ಉಕ್ಕುತ್ತದೆ.

ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಈ ಕಟ್ಟು ಹೊಸದಲ್ಲ. ಪದ ಗೊತ್ತಿರುವುದೇ, ಎರಡು ಪದಗಳ ನಡುವಿನ ಮಾತನ್ನು ಆ ರಾತ್ರಿಯ ಮಂದಿ ನೋಡಿ ಹೊಸೆಯುವುದರಲ್ಲೇ ಕಲಾವಿದರ ಕಸುಬು ಗೊತ್ತಾಗುತ್ತದೆ. ಕೌಜಲಗಿ ನಿಂಗಮ್ಮನವರ ಹೆಸರು ಗೋಕಾಕ ಸೀಮೆಯಲ್ಲಿ ಇವತ್ತಿಗೂ ಉಳಿದಿರುವುದು ಕಂಠಕ್ಕೂ ಹೌದು, ಮಾತಿಗೂ ಹೌದು. ಏಣಗಿ ಬಾಳಪ್ಪನವರ ಪೀಳಿಗೆಯ ಗಾಯಕ-ನಟರನ್ನು ಕೇಳಿದವರಿಗೂ ಹಾಡು ಎಲ್ಲಿ ಮುಗಿದು ಸಂಭಾಷಣೆ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಹೇಯ್ಸ್ ಮಾಡಿದ್ದೂ ಇದನ್ನೇ. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಎಲ್ಲಿ ಉಸಿರು ನಿಲ್ಲಿಸುತ್ತಾನೆ, ಎಲ್ಲಿ ದನಿ ಕೆಳಗಿಳಿಸುತ್ತಾನೆ ಎಂಬುದು ತಾನಾಗಿ ಹತ್ತುತ್ತದೆ.

ಆದರೆ ರೆಕಾರ್ಡಿನ ಗುಣ-ದೋಷ ಬಯಲಾಗುವುದೂ ಈ ಬದಿಯಲ್ಲೇ, ಅದಕ್ಕೆ ಕಾರಣ ಎರಡು. ಒಂದು, ಬದಿಯ ಉದ್ದ ಹತ್ತಿರಹತ್ತಿರ 24 ನಿಮಿಷ. ಎಲ್‌ಪಿಯ ಒಂದು ಬದಿಗೆ 18-20 ನಿಮಿಷ ಹಾಯಾಗಿ ಹಿಡಿಸುತ್ತದೆ. ಅದಕ್ಕಿಂತ ಉದ್ದವಾದರೆ ಗೆರೆಗಳನ್ನು ಒತ್ತೊತ್ತಾಗಿ, ಸಣ್ಣದಾಗಿ ಕೊರೆಯಬೇಕು. ದನಿಯ ಮಟ್ಟ ಇಳಿಯುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ, ಚಟಪಟ ಸದ್ದೂ ಜೊತೆಗೇ ಏರುತ್ತದೆ. ಆರ್ಗನ್ ಮತ್ತು ಮಾತು ಮಾತ್ರ ಇರುವ ಎಂಟು ನಿಮಿಷದಲ್ಲಿ ಒಂದು ಕಣ ಧೂಳೂ ಅಡಗಲು ಜಾಗವಿಲ್ಲ. ಎರಡು, ಹಾಡು ಉಕ್ಕುವ ಜಾಗ ಲೇಬಲ್ಲಿನ ಹತ್ತಿರ. ತಟ್ಟೆ ತಿರುಗುವ ವೇಗ ನಿಮಿಷಕ್ಕೆ 33⅓ ಸುತ್ತು, ಅದು ಬದಲಾಗುವುದಿಲ್ಲ. ಆದರೆ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾಯುತ್ತದೆ, ಒಳಗೆ ಬರೀ 21 ಸೆಂ.ಮೀ. ಅಷ್ಟು ಇಕ್ಕಟ್ಟಿನಲ್ಲಿ ಕಹಳೆ, ಪಿಟೀಲು, ಡ್ರಮ್ ಎಲ್ಲ ತುಂಬಿರುವುದರಿಂದ ಮುಳ್ಳು ಸರಿಯಿಲ್ಲದಿದ್ದರೆ ‘ಸ’ಕಾರ ಸೀಳುತ್ತದೆ, ಕೊಂಬುವಾದ್ಯ ಹರಿದ ತಗಡಿನಂತೆ ಕೇಳುತ್ತದೆ. ರೆಕಾರ್ಡ್ ಕೆಟ್ಟಿದೆ ಎಂದು ವಾಪಸು ಕಳಿಸುವ ಮುನ್ನ ಇದನ್ನು ನೋಡಿಕೊಳ್ಳಿ. ಬಹಳ ಸಲ ತಪ್ಪು ಪ್ಲೇಯರಿನದು.

ಮೊದಲನೇ ಬದಿಗೆ ಇಷ್ಟು ಕಾಟವಿಲ್ಲ. ಬರ್ಟ್ ಬ್ಯಾಕರಾಕ್, ಹಾಲ್ ಡೇವಿಡ್ ಜೋಡಿ ಡಿಯಾನ್ ವಾರ್ವಿಕ್‌ಗೆ ಕೊಟ್ಟಿದ್ದ ‘ವಾಕ್ ಆನ್ ಬೈ’ ಇಲ್ಲಿ 12 ನಿಮಿಷಕ್ಕೆ ಬೆಳೆದಿದೆ. ಅಷ್ಟು ಬೇಕಿತ್ತೇ ಎಂದು ಕೇಳುವವರಿಗೆ ಉತ್ತರ, ಬೇಕಿತ್ತು. ವಿಲಂಬಿತ ಖಯಾಲು ಕೇಳುವ ಊರಿನವರು ಇದಕ್ಕೆ ಅವಸರ ಮಾಡಬಾರದು. ಇದರ ಬೆನ್ನಿಗೆ ಬರುವ, ಬಾಯಿಗೆ ಹತ್ತದ ಉದ್ದ ಹೆಸರಿನ ಹಾಡಿನಲ್ಲಿ ಕೇಳಬೇಕಾದದ್ದು ಪಿಯಾನೊ.

‘ಶಾಫ್ಟ್’ ಬೇರೆ ಜಾತಿಯ ಸರಕು. ಇದು ಗಾರ್ಡನ್ ಪಾರ್ಕ್ಸ್ ನಿರ್ದೇಶನದ ಚಿತ್ರದ ಸಂಗೀತ. ಈ ಚಿತ್ರದಲ್ಲಿ ನಾಯಕನ ಪಾತ್ರಕ್ಕೇ ಹೇಯ್ಸ್‌ನ ಕಣ್ಣಿತ್ತು. ಅಷ್ಟರಲ್ಲಿ ರಿಚರ್ಡ್ ರೌಂಡ್‌ಟ್ರೀ ಆಯ್ಕೆಯಾಗಿಬಿಟ್ಟಿದ್ದ. ಸಂಗೀತ ಕೊಟ್ಟ, ಹೆಸರಿಲ್ಲದ ಸಣ್ಣ ಪಾತ್ರವೊಂದರಲ್ಲಿ ಕಾಣಿಸಿಕೊಂಡ. 1972ರ ಏಪ್ರಿಲಿನಲ್ಲಿ ಇದರ ಶೀರ್ಷಿಕೆ ಗೀತೆಗೆ ಆಸ್ಕರ್ ಬಂತು. ಮೂಲ ಗೀತೆಯ ವಿಭಾಗದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಸಂಗೀತಗಾರ ಈತ. ಚಿತ್ರದಲ್ಲಿ ಕೇಳುವ ವಾದನ ಬೇರೆ, ಎಲ್‌ಪಿಯದು ಬೇರೆ. ಸಿನಿಮಾ ನೋಡಿ ‘ಅದೇ’ ಬೇಕೆಂದು ಎಲ್‌ಪಿ ತರಿಸಿದರೆ ಅಲ್ಲಲ್ಲಿ ವ್ಯತ್ಯಾಸ ಕೇಳಿಸುತ್ತದೆ. ಅದು ಮುದ್ರಣದ ತಪ್ಪಲ್ಲ.

ನಾಲ್ಕು ಬದಿಯಲ್ಲಿ ಹಾಡುಗಾರಿಕೆ ಇರುವುದು ಮೂರೇ ಕಡೆ: ಶೀರ್ಷಿಕೆ ಗೀತೆ, ‘ಸೋಲ್ಸ್‌ವಿಲ್’, ಮತ್ತು ನಾಲ್ಕನೇ ಬದಿಯನ್ನು ಹೆಚ್ಚುಕಡಿಮೆ ಪೂರ್ತಿ ನುಂಗುವ ಹತ್ತೊಂಬತ್ತೂವರೆ ನಿಮಿಷದ ‘ಡೂ ಯುವರ್ ಥಿಂಗ್’. ಉಳಿದದ್ದು ವಾದ್ಯಸಂಗೀತ. ದೃಶ್ಯಕ್ಕೆ ತಕ್ಕಷ್ಟು ಅಳೆದು ಕೊಟ್ಟ ತುಣುಕುಗಳು. ಮನೆಯಲ್ಲಿ ಕೂತು ಕೇಳುವಾಗ ಕೆಲವು ಸಪ್ಪೆ. ನಡುವಿನ ಎರಡು ಬದಿ ಅಡಿಗೆ ಮಾಡುತ್ತ ಕೇಳಲು ಸಾಕು.

ಶೀರ್ಷಿಕೆ ಗೀತೆ ಮಾತ್ರ ಪ್ಲೇಯರ್ ಹದ ಮಾಡುವವರಿಗೆ ಒರೆಗಲ್ಲು. ಎರಡೂವರೆ ನಿಮಿಷ ದಾಟುವವರೆಗೆ ಹೇಯ್ಸ್ ಬಾಯಿ ತೆರೆಯುವುದಿಲ್ಲ. ಮೊದಲಿಗೆ ಡ್ರಮ್ ನುಡಿಸುವ ವಿಲ್ಲೀ ಹಾಲ್‌ನ ಹೈ-ಹ್ಯಾಟ್ (ಜೋಡಿ ಸಿಂಬಲ್) ಒಂದೇ. ಒಂದು ಮಾತ್ರೆಗೆ ನಾಲ್ಕರಂತೆ ಬಿಡದೆ ಬೀಳುವ ಆ ಸಣ್ಣ ತಾಳ ಬಿಡಿಬಿಡಿಯಾಗಿ ಕೇಳಬೇಕು. ಮರಳು ಸುರಿದಂತೆ ‘ಸ್ಸ್ಸ್’ ಎಂದು ಒಂದಾಗಿ ಹರಿದರೆ ಮುಳ್ಳು ಸವೆದಿದೆ ಅಥವಾ ಅದರ ಮೇಲೆ ಬೀಳುವ ತೂಕ ಕಡಿಮೆಯಾಗಿದೆ. ಆಮೇಲೆ ಚಾರ್ಲ್ಸ್ ‘ಸ್ಕಿಪ್’ ಪಿಟ್ಸ್‌ನ ವಾ-ವಾ ಗಿಟಾರ್, ಕಾಲಿನ ಪೆಡಲ್ ಒತ್ತಿ-ಬಿಟ್ಟು ದನಿಯ ಬಾಯಿ ತೆರೆದು ಮುಚ್ಚಿದಂತೆ ಮಾಡುವುದು. ದನಿಯೆಲ್ಲ ಒಂದೇ ಸ್ಪೀಕರಿಗೆ ಅಂಟಿಕೊಂಡಂತೆ ಕೇಳಿದರೆ ಕಾರ್ಟ್ರಿಡ್ಜಿನ (ಮುಳ್ಳು ಕೂತಿರುವ ಸಣ್ಣ ಡಬ್ಬಿಯ) ಹಿಂದಿನ ನಾಲ್ಕು ತಂತಿ ನೋಡಿ: ಬಿಳಿ ಎಡದ ಧನ, ನೀಲಿ ಎಡದ ಋಣ, ಕೆಂಪು ಬಲದ ಧನ, ಹಸಿರು ಬಲದ ಋಣ. ಒಂದು ಬದಿಯ ಧನ-ಋಣ ಮಾತ್ರ ತಿರುವುಮುರುವಾದರೆ ಬೇಸ್ ಮಾಯವಾಗುತ್ತದೆ, ಮತ್ತು ಹೇಯ್ಸ್‌ನ ಮಂದ್ರದ ದನಿ ನೆಗಡಿಯಾದವನ ದನಿಯಾಗುತ್ತದೆ.

ಇನ್ನು ಪ್ಲೇಯರ್. ನಮ್ಮ ಕಡೆ ಹಳೆ ಮನೆಗಳ ಅಟ್ಟದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳಿವೆ; ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಕಾಲದವು. ಅವನ್ನು ನುಡಿಸುತ್ತಿದ್ದ ಯಂತ್ರಕ್ಕೇ ಈ ಎಲ್‌ಪಿ ಹಾಕಬೇಡಿ. 78ರ ಗೆರೆ ಅಗಲ, ಅದಕ್ಕೆ ಬೇಕಾದ ಮುಳ್ಳಿನ ತುದಿ ಸುಮಾರು 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಎಲ್‌ಪಿಗೆ 0.7 ಮಿಲ್ ಅಥವಾ ಇನ್ನೂ ಸಣ್ಣದು. ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳು ಎಲ್‌ಪಿಯ ಗೆರೆಯನ್ನು ಒಂದೇ ಸುತ್ತಿಗೆ ಉಳುಮೆ ಮಾಡುತ್ತದೆ. ಎರಡೂ ಬೇಕೆನ್ನುವವರಿಗೆ 33, 45, 78 ಮೂರೂ ವೇಗವಿರುವ ಆಡಿಯೊ-ಟೆಕ್ನಿಕಾ ಎಲ್‌ಪಿ120ಎಕ್ಸ್ ಬಗೆಯ ಯಂತ್ರ ಅನುಕೂಲ. ಅದರ ವಿಎಂ95 ಕಾರ್ಟ್ರಿಡ್ಜಿನಲ್ಲಿ ಮುಳ್ಳನ್ನಷ್ಟೇ ಎಳೆದು ಬದಲಿಸಬಹುದು: ಎಲ್‌ಪಿಗೆ ‘ಇ’ ಮುಳ್ಳು, 2 ಗ್ರಾಂ ತೂಕ, 78ಕ್ಕೆ ‘ಎಸ್‌ಪಿ’ ಮುಳ್ಳು, ಸುಮಾರು 5 ಗ್ರಾಂ. ಬದಲಿಸಿದಾಗಲೆಲ್ಲ ಹಿಂದಿನ ತೂಕದ ಗುಂಡನ್ನೂ ಹೊಂದಿಸಬೇಕು, ಇದನ್ನೇ ಜನ ಮರೆಯುವುದು.

ಅಗ್ಗದ ಸೂಟ್‌ಕೇಸ್ ಪ್ಲೇಯರ್ ಈ ರೆಕಾರ್ಡಿಗೆ ಬೇಡ. ಅದರ ದುಂಡು ತುದಿಯ ಮುಳ್ಳು ‘ಫೀನಿಕ್ಸ್’ನ ಕೊನೆಯ ಐದು ನಿಮಿಷವನ್ನು ಓದಲಾರದು, ತೂಕ ಕಡಿಮೆ ಮಾಡುವ ದಾರಿಯೂ ಅದರಲ್ಲಿಲ್ಲ. ಮೊಟ್ಟೆಯಾಕಾರದ ತುದಿಯ ಮುಳ್ಳು ಕನಿಷ್ಠ ಅಗತ್ಯ. ತೂಕಕ್ಕೆ ಟೋನ್ ಆರ್ಮ್ (ಮುಳ್ಳು ಹೊತ್ತ ತೋಳು) ಮೇಲಿನ ಅಂಕಿ ನಂಬದೆ, 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ನೋಡಿ. ತಕ್ಕಡಿಯ ತಟ್ಟೆ ರೆಕಾರ್ಡಿನಷ್ಟೇ ಎತ್ತರದಲ್ಲಿರಬೇಕು. ತೋಳು ಒಳಕ್ಕೆ ಎಳೆಯದಂತೆ ತಡೆಯುವ ಆಂಟಿ-ಸ್ಕೇಟ್ ಅಂಕಿಯನ್ನು ಅದೇ ತೂಕಕ್ಕೆ ಇಡಿ. ಕಾರ್ಟ್ರಿಡ್ಜ್ ಕೋನಕ್ಕೆ ಕಾಗದದ ಅಳತೆಪಟ್ಟಿ ಮುದ್ರಿಸಿಕೊಳ್ಳುವವರು ಝೆರಾಕ್ಸ್ ಅಂಗಡಿಯವರಿಗೆ ‘ನೂರಕ್ಕೆ ನೂರು ಅಳತೆ’ ಎಂದು ಎರಡು ಸಲ ಹೇಳಿ, ಕೈಗೆ ಬಂದ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ಹಾಳೆಗೆ ಹೊಂದಿಸಿ ಮುದ್ರಿಸಿದರೆ ಎರಡು-ಮೂರು ಮಿ.ಮೀ. ಕುಗ್ಗುತ್ತದೆ, ಆಮೇಲೆ ಕೋನ ಎಷ್ಟು ತಿದ್ದಿದರೂ ಕೂಡುವುದಿಲ್ಲ.

ವಿದೇಶದಿಂದ ನೆಂಟರು ತಂದ ಹಳೆ ಪ್ಲೇಯರಾದರೆ ಹಿಂದಿನ ಚೀಟಿ ಓದಿ. 110 ವೋಲ್ಟಿನದಕ್ಕೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋದೀತು. 60 ಹರ್ಟ್ಸ್‌ಗೆ ಮಾಡಿದ ಎ.ಸಿ. ಮೋಟರ್ ನಮ್ಮ 50 ಹರ್ಟ್ಸ್‌ನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲೇ ತಿರುಗುತ್ತದೆ. ಹಾರ್ಮೋನಿಯಂ ಮೇಲೆ ಬಿಳಿ-ಕರಿ ಸೇರಿಸಿ ಎಣಿಸಿದರೆ ಮೂರು ಮನೆ ಕೆಳಗೆ. ಮೊದಲೇ ಮಂದ್ರದಲ್ಲಿರುವ ಹೇಯ್ಸ್ ಆಗ ಬಾವಿಯೊಳಗಿನಿಂದ ಮಾತಾಡಿದಂತಿರುತ್ತದೆ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ನುಡಿಸಿದರೆ ಗುಂಯ್ ಸದ್ದು ಬರುತ್ತದೆ. ಸೈನ್ ವೇವ್ ಇನ್ವರ್ಟರಿಗೆ ಆ ತೊಂದರೆ ಕಡಿಮೆ. ಇನ್ವರ್ಟರ್ ಇಲ್ಲದೆಯೂ ಗುಂಯ್ ಎಂದರೆ ಪ್ಲೇಯರಿನ ಅರ್ತ್ ತಂತಿಯನ್ನು ಆಂಪ್ಲಿಫೈಯರಿನ ತಿರುಪಿಗೆ ಬಿಗಿದಿದ್ದೀರಾ ನೋಡಿ.

ಕಾಲಿಟ್ಟರೆ ಅಲುಗುವ ಮರದ ಮೇಜಿನ ಮೇಲಿಟ್ಟರೆ ಬೇಸ್ ಮುಳ್ಳಿಗೆ ಹಿಂತಿರುಗಿ ಬರುತ್ತದೆ. ಇದಕ್ಕೆ ಬಾಗಲಕೋಟೆ ಜಿಲ್ಲೆಯವರಿಗೆ ಸಿಕ್ಕಷ್ಟು ಒಳ್ಳೆಯ ಮದ್ದು ಬೇರೆಯವರಿಗಿಲ್ಲ: ಇಳಕಲ್ ಗ್ರಾನೈಟಿನ ಉಳಿಕೆ ತುಂಡು. 18 ಇಂಚು ಉದ್ದ, 15 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ತುಂಡು ಸುಮಾರು 9 ಕಿಲೊ ತೂಗುತ್ತದೆ. ಯಂತ್ರದ ಕಾಲಿನ ಅಳತೆ ನೋಡಿ ಕೊಯ್ಯಿಸಿ, ಕೆಳಗೆ ನಾಲ್ಕು ರಬ್ಬರ್ ತುಂಡು ಇಟ್ಟು, ಸ್ಪಿರಿಟ್ ಲೆವೆಲ್‌ನಲ್ಲಿ ಸಮ ಮಾಡಿ. ಸಾವಿರಾರು ರೂಪಾಯಿಯ ಆಮದು ಸ್ಟ್ಯಾಂಡಿಗಿಂತ ಕಡಿಮೆಯೇನಲ್ಲ.

ಎರೆಮಣ್ಣಿನ ಧೂಳು ನುಣ್ಣಗಿರುತ್ತದೆ, ಗೆರೆಯ ತಳಕ್ಕೆ ಇಳಿಯುತ್ತದೆ. ಪ್ರತಿ ಸಲ ನುಡಿಸುವ ಮೊದಲು ಕಾರ್ಬನ್ ಫೈಬರ್ ಬ್ರಷ್. ತೊಳೆಯಬೇಕಾದರೆ ಬೋರ್‌ವೆಲ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಸುಣ್ಣ ಗೆರೆಯಲ್ಲೇ ಕೂರುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಬಣ್ಣ-ವಾಸನೆ ಇಲ್ಲದ ಪಾತ್ರೆ ತೊಳೆಯುವ ದ್ರವ ಎರಡು-ಮೂರು ಹನಿ. ಮೃದು ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಲೇಬಲ್ ನೆನೆಯಬಾರದು. ಕೆಲವರು ಸ್ಪಿರಿಟ್ ಬೆರೆಸುತ್ತಾರೆ. ಅದೇ ಬಟ್ಟೆ ಅಮೀರಬಾಯಿಯವರ 78ರ ಮೇಲೆ ಹೋದರೆ ಮುಗಿಯಿತು, ಆ ಪ್ಲೇಟು ಅರಗಿನದು, ಸ್ಪಿರಿಟ್ಟಿಗೆ ಕರಗುತ್ತದೆ.

ಆರ್ಡರ್ ಮಾಡುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ. ಏಪ್ರಿಲ್-ಮೇನಲ್ಲಿ ಮುಚ್ಚಿದ ಡೆಲಿವರಿ ವ್ಯಾನಿನೊಳಗೆ ಒಂದು ಮಧ್ಯಾಹ್ನ ಕಳೆದ ರೆಕಾರ್ಡ್ ಹಪ್ಪಳವಾಗಿ ಬಂದರೆ ಆಶ್ಚರ್ಯವಿಲ್ಲ. ಸೊಟ್ಟಾದದ್ದನ್ನು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಹಿಡಿಯುವ ಮನೆಮದ್ದು ತಟ್ಟೆಯನ್ನು ಸಪಾಟು ಮಾಡೀತು, ಗೆರೆಯನ್ನು ಕೆಡಿಸುತ್ತದೆ. 180 ಗ್ರಾಂ ತೂಕದ ಮುದ್ರಣ ದನಿಯನ್ನೇನೂ ಹೆಚ್ಚಿಸುವುದಿಲ್ಲ. ಸುಲಭಕ್ಕೆ ಸೊಟ್ಟಾಗದು ಎಂಬಷ್ಟೇ ಲಾಭ. ಬಂದ ಕೂಡಲೇ ಹೊರಗಿನ ಬಿಗಿ ಪ್ಲಾಸ್ಟಿಕ್ ಹರಿದು ತೆಗೆಯಿರಿ. ಅದು ಬಿಸಿಗೆ ಕುಗ್ಗಿ ಕವರನ್ನೂ ತಟ್ಟೆಯನ್ನೂ ಬಾಗಿಸುತ್ತದೆ. ಬೆಳಗಾವಿಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ತೊಂದರೆ ಬೂಷ್ಟಿನದು: ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡದೆ, ಒಳಕವರಾಗಿ ಕಾಗದದ ಬದಲು ಪಾಲಿಥೀನ್ ಹಾಕಿ, ನೆಟ್ಟಗೆ ನಿಲ್ಲಿಸಿಡಿ. ‘ಹಾಟ್ ಬಟರ್ಡ್ ಸೋಲ್’ ಕವರಿನ ತುಂಬ ಇರುವುದು ಹೇಯ್ಸ್‌ನ ಬೋಳುತಲೆ, ಅದರ ಮೇಲೆ ಬೂಷ್ಟು ಬೆಳೆದರೆ ಎದ್ದು ಕಾಣುತ್ತದೆ.

ಇದರ ಹಳೆಯ ಅಮೆರಿಕನ್ ಮುದ್ರಣ ಸಿಕ್ಕರೆ ಲೇಬಲ್ ಎಂಟರ್‌ಪ್ರೈಸ್, ಸಂಖ್ಯೆ ಇಎನ್‌ಎಸ್-1001. ಕವರ್ ಚಂದವಿದೆಯೆಂದು ದುಡ್ಡು ಕೊಡಬೇಡಿ. ಎರಡನೇ ಬದಿಯನ್ನು ಓರೆ ಬೆಳಕಿಗೆ ಹಿಡಿದು ಲೇಬಲ್ಲಿನ ಹತ್ತಿರದ ಎರಡು ಬೆರಳಗಲ ನೋಡಿ. ಹೊರಗೆ ಮಿರಿಮಿರಿ ಕಪ್ಪಾಗಿದ್ದು ಒಳಗೆ ಬೂದಿಗಟ್ಟಿದ್ದರೆ ಅಷ್ಟೂ ಕಾಲ ಕೆಟ್ಟ ಮುಳ್ಳಿನಲ್ಲಿ ನುಡಿದಿದೆ. ಯಾವ ತೊಳೆತಕ್ಕೂ ಅದು ಮರಳುವುದಿಲ್ಲ.

ಸಿನಿಮಾಗಳ ವಿಷಯ ಬೇಗ ಮುಗಿಸಬಹುದು. 1974ರ ‘ಟ್ರಕ್ ಟರ್ನರ್’ನಲ್ಲಿ ಹೇಯ್ಸ್ ತಲೆಮರೆಸಿಕೊಂಡವರನ್ನು ಹಿಡಿದು ತರುವ ನಾಯಕ, ಸಂಗೀತವೂ ಅವನದೇ. ಮೈಕಟ್ಟು ಇದೆ, ಗತ್ತಿದೆ, ಆದರೆ ರೆಕಾರ್ಡಿನಲ್ಲಿ ಎಂಟು ನಿಮಿಷ ಕಾಯಿಸಿದವನಿಗೆ ಇಲ್ಲಿ ಒಂದು ಮಾತು ಮುಗಿಸುವಷ್ಟರಲ್ಲಿ ಗುಂಡು ಹಾರಿಸಬೇಕಾಗುತ್ತದೆ. ಜಾನ್ ಕಾರ್ಪೆಂಟರ್‌ನ 1981ರ ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ನಲ್ಲಿ ಕಾರಿನ ಮುಂದೆ ಗಾಜಿನ ಝೂಮರ್ ದೀಪ ಕಟ್ಟಿಕೊಂಡು ತಿರುಗುವ ‘ಡ್ಯೂಕ್’ ಇದಕ್ಕಿಂತ ಒಳ್ಳೆಯ ಪಾತ್ರ. ಮಾತು ಕಡಿಮೆ, ಇರವು ಹೆಚ್ಚು. 1976ರಲ್ಲಿ ಹೇಯ್ಸ್ ದಿವಾಳಿಯಾಗಿ, ತಾನೇ ಕಟ್ಟಿದ ಹಾಡುಗಳ ಮುಂದಿನ ರಾಯಲ್ಟಿಯನ್ನೂ ಕಳೆದುಕೊಂಡಿದ್ದ. ಹೀಗಾಗಿ ಆಮೇಲಿನ ನಟನೆಯಲ್ಲಿ ಹೊಟ್ಟೆಪಾಡಿನ ಪಾಲೂ ಇತ್ತು. 1997ರಿಂದ 2006ರವರೆಗೆ ‘ಸೌತ್ ಪಾರ್ಕ್’ ಕಾರ್ಟೂನಿನ ಬಾಣಸಿಗ ‘ಶೆಫ್’ಗೆ ಕೊಟ್ಟ ದನಿಯೇ ಹೊಸ ಪೀಳಿಗೆಗೆ ಗೊತ್ತಿರುವ ಹೇಯ್ಸ್. ಗಮನಿಸಿ, ಅಲ್ಲಿಯೂ ಗೆದ್ದದ್ದು ಮುಖ ಕಾಣದ ಪಾತ್ರ: ಮಾತಿನ ನಡುವೆ ತಟ್ಟನೆ ಪದಕ್ಕೆ ಏರುವುದು, 1969ರ ಅದೇ ವರಸೆ. ಆತ ತೀರಿಕೊಂಡದ್ದು 2008ರ ಆಗಸ್ಟ್ 10ರಂದು, ಮೆಂಫಿಸ್‌ನಲ್ಲಿ.

ಸಿನಿಮಾ ಡಿಸ್ಕ್ ತರಿಸುವವರಿಗೆ ಒಂದೇ ಎಚ್ಚರಿಕೆ: ಯಾವ ದೇಶದ ಪ್ಲೇಯರಿಗೆ ಮಾಡಿದ್ದೆಂಬ ಗುರುತು, ಅಂದರೆ ರೀಜನ್, ಪ್ರತಿ ಡಿಸ್ಕಿಗೂ ಬೇರೆ. ಅಮೆರಿಕದ ಡಿವಿಡಿ ರೀಜನ್ 1, ಭಾರತದ್ದು 5. ಬ್ಲೂ-ರೇಯಲ್ಲಿ ಅಲ್ಲಿಯದು ‘ಎ’, ನಮ್ಮದು ‘ಸಿ’. ಡಬ್ಬಿಯ ಹಿಂದಿನ ಗುರುತು ನೋಡದೆ ಕೊಂಡರೆ ಪ್ಲೇಯರ್ ಡಿಸ್ಕನ್ನು ಉಗುಳುತ್ತದೆ.

ರೆಕಾರ್ಡಿನ ಗೋಜೇ ಬೇಡ, ಮೊಬೈಲಿನಲ್ಲಿ ಕೇಳುತ್ತೇವೆ ಎನ್ನುವವರು ಹಾಡಿನ ಉದ್ದ ನೋಡಿ ಒತ್ತಿ. ‘ಫೀನಿಕ್ಸ್’ 18:42, ‘ವಾಕ್ ಆನ್ ಬೈ’ 12:03. ಅದಕ್ಕಿಂತ ಬಹಳ ಗಿಡ್ಡದಿದ್ದರೆ ರೇಡಿಯೊಗೆಂದು ಕತ್ತರಿಸಿದ್ದು, ಮಾತೇ ಹಾರಿಹೋಗಿರುತ್ತದೆ. ಮೊಬೈಲಿನ ಸ್ವಂತ ಸ್ಪೀಕರಿನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ, ಕಿವಿಗೆ ಹೆಡ್‌ಫೋನ್ ಇರಲಿ. ಮತ್ತು ಎಂಟು ನಿಮಿಷ ಮುಗಿಯುವವರೆಗೆ ಬೆರಳು ದೂರವಿರಲಿ.